ಕುಳ್ಳ ಕುರಿಯ ಲೆಕ್ಕಾಚಾರ

ಮಳವಳ್ಳಿ ಕಡೆಯ ಸಂತೆಯಲ್ಲಿ ಕುರಿ ಕೊಳ್ಳಲು ಬಂದವರು ಮೊದಲು ಮುಖ ನೋಡುವುದಿಲ್ಲ. ಹಿಂದೆ ಹೋಗಿ ನಿಲ್ಲುತ್ತಾರೆ. ತೊಡೆ ಎಷ್ಟು ಕೆಳಗಿನವರೆಗೆ ತುಂಬಿದೆ, ಎರಡು ಕಾಲುಗಳ ನಡುವೆ ಎಷ್ಟು ಅಗಲವಿದೆ ಅಂತ ಲೆಕ್ಕ ಹಾಕುತ್ತಾರೆ. ಅಸಲಿ ಬಂಡೂರು ಕುರಿಯಾದರೆ ಅಲ್ಲಿ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗೆ ನಿಲ್ಲಿಸಿದ ಹಾಗೆ ಕಾಣಬೇಕು. ಆಮೇಲೆ ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತುತ್ತಾರೆ. ಕೊನೆಗೆ ತುಟಿ ಸರಿಸಿ ಹಲ್ಲು ಎಣಿಸುತ್ತಾರೆ. ಮುಖ ನೋಡುವುದು ದುಡ್ಡು ಕೊಡುವಾಗ.

ಬಂಡೂರು ಅನ್ನುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಒಂದು ಊರು. ಬನ್ನೂರು ಬೇರೆ, ಅದು ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಆದರೆ ಕುರಿಗೆ ಎರಡೂ ಹೆಸರು ಅಂಟಿಕೊಂಡಿವೆ. ಸರ್ಕಾರಿ ಕಡತದಲ್ಲಿ ಇದು ‘ಮಂಡ್ಯ ತಳಿ’. ಬಿಳಿ ಮೈ, ಕೆಲವಕ್ಕೆ ಮುಖದಿಂದ ಕತ್ತಿನವರೆಗೆ ತಿಳಿಗಂದು, ಎಲೆಯ ಹಾಗೆ ಜೋತ ಉದ್ದ ಕಿವಿ, ಮೋಟು ಬಾಲ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಬಹಳಷ್ಟಕ್ಕೆ ಗಂಟಲ ಹತ್ತಿರ ಮೊಲೆಯ ಹಾಗೆ ಎರಡು ತುಂಡು ತೂಗುತ್ತಿರುತ್ತವೆ. ಬೆಳೆದ ಟಗರು ಸುಮಾರು 35 ಕೆಜಿ, ಹೆಣ್ಣು 23ರಿಂದ 25 ಕೆಜಿ.

ವಿದೇಶದಲ್ಲಿ ಪುಟ್ಟ ಕುರಿ ಸಾಕುವುದು ಒಂದು ಷೋಕಿ. ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ವೆಸ್ಸಾಂ ಅನ್ನುವ ದ್ವೀಪದ ಕುರಿ ನಮ್ಮ ಮೊಣಕಾಲಿನ ಎತ್ತರ ಇರುತ್ತದೆ. ಅಮೆರಿಕದ ‘ಬೇಬಿಡಾಲ್’ ಕುರಿಗಳನ್ನು ದ್ರಾಕ್ಷಿ ತೋಟದಲ್ಲಿ ಕಳೆ ಮೇಯಲು ಬಿಡುತ್ತಾರೆ. ನಮ್ಮ ಕಡೆ ಕುಳ್ಳ ಕುರಿ ಷೋಕಿ ಅಲ್ಲ. ಜಮೀನು ಕಡಿಮೆ ಇರುವವರು ಮನೆ ಮುಂದೆ ಗೂಟಕ್ಕೆ ಕಟ್ಟಿ ಎರಡೋ ಮೂರೋ ಸಾಕುವ ಪ್ರಾಣಿ ಅದು. ಹತ್ತು ಕುರಿಯೊಳಗೆ ಸಾಕಬೇಕೆಂದುಕೊಂಡಿರುವವರಿಗೆ ಬಂಡೂರೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮನೆ ಹಿಂದೆ ಏಳು ಇವೆ.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

“ಕುರಿ ಚಿಕ್ಕದು, ಖರ್ಚೂ ಚಿಕ್ಕದು ಅಲ್ವಾ?” ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ನಿಜ. 50 ಕೆಜಿಯ ಒಂದು ಕುರಿಯ ಬದಲು 25 ಕೆಜಿಯ ಎರಡನ್ನು ಸಾಕಿದರೆ ಮೇವು ಅಷ್ಟೇ ಸಾಕಾಗುವುದಿಲ್ಲ, ಸುಮಾರು ಐದನೇ ಒಂದು ಪಾಲು ಜಾಸ್ತಿ ಬೇಕು. ಮೈ ದೊಡ್ಡದಾದ ಹಾಗೆ ಹಸಿವು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಹಂಡೆಯಲ್ಲಿ ಕಾಯಿಸಿದ ನೀರು ಬೆಳಗಿನ ತನಕ ಬೆಚ್ಚಗಿರುತ್ತದೆ, ಲೋಟದ ಕಾಫಿ ಹತ್ತು ನಿಮಿಷಕ್ಕೆ ಆರುತ್ತದೆ. ಚಿಕ್ಕ ಮೈ ಲೋಟದ ಹಾಗೆ. ಅದರಲ್ಲಿರುವ ಶಾಖ ಬೇಗ ಹೋಗುತ್ತದೆ, ರಕ್ತ ಕಡಿಮೆ, ಕೂಡಿಟ್ಟ ಕೊಬ್ಬೂ ಕಡಿಮೆ. ದೊಡ್ಡ ಕುರಿ ಎರಡು ದಿನ ತಡೆದುಕೊಳ್ಳುವ ಕಷ್ಟವನ್ನು ಇದು ಒಂದು ರಾತ್ರಿಯೂ ತಡೆಯದಿರಬಹುದು. ಮೇವು, ಹುಳ, ಮರಿ, ಯಾವುದರ ವಿಷಯಕ್ಕೆ ಬಂದರೂ ಈ ಲೆಕ್ಕ ಎದುರಾಗುತ್ತದೆ.

ಹೊಟ್ಟೆಯೊಳಗಿನ ಪೀಪಾಯಿ

ಕುರಿ ಹುಲ್ಲು ತಿಂದು ಬದುಕುತ್ತದೆ ಅನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ, ಕುರಿ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು ತಿನ್ನುತ್ತವೆ, ಕುರಿ ಅವು ಕೊಟ್ಟದ್ದನ್ನು ತಿನ್ನುತ್ತದೆ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಮೊದಲನೆಯದೇ ದೊಡ್ಡದು. ಅದು ಒಂದು ಪೀಪಾಯಿ. ದೋಸೆ ಹಿಟ್ಟು ಹುಳಿ ಬರುವ ಹಾಗೆ ಅಲ್ಲಿ ಹುಲ್ಲು ಹಗಲು ರಾತ್ರಿ ಹುದುಗುತ್ತಿರುತ್ತದೆ. ಮೆಲುಕು ಹಾಕುವಾಗ ಬರುವ ಜೊಲ್ಲು ಆ ಹುಳಿಯನ್ನು ಹದದಲ್ಲಿ ಇಡುತ್ತದೆ. ನಾರು ಇದ್ದರೆ ಮೆಲುಕು, ಮೆಲುಕು ಇದ್ದರೆ ಜೊಲ್ಲು, ಜೊಲ್ಲು ಇದ್ದರೆ ಹದ.

ಕಾಳು, ಅನ್ನ, ಹಿಟ್ಟು ಒಮ್ಮೆಲೇ ಬಿದ್ದರೆ ಈ ಹದ ಕೆಡುತ್ತದೆ. ನಮ್ಮಲ್ಲಿ ಇದು ಆಗಿದೆ. ಮನೆಯಲ್ಲಿ ನಾಮಕರಣ, ಉಳಿದ ಅನ್ನದ ಡಬರಿಯನ್ನು ಹಿತ್ತಲಲ್ಲಿ ಇಟ್ಟಿದ್ದೆವು. ಗೂಟದ ಹಗ್ಗ ಬಿಚ್ಚಿಕೊಂಡ ಒಂದು ಹೆಣ್ಣು ಕುರಿ ಅದರಲ್ಲಿ ಮೂತಿ ಇಟ್ಟಿತ್ತು. ಯಾರೋ ನೋಡಿ, “ಪಾಪ, ತಿನ್ಲಿ ಬಿಡಿ” ಅಂದರು. ರಾತ್ರಿ ಹೊತ್ತಿಗೆ ಅದು ಮೆಲುಕು ನಿಲ್ಲಿಸಿತು. ಹಲ್ಲು ಕಡಿಯುತ್ತಾ ನಿಂತಿತ್ತು. ಎಡಗಡೆ ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಕುಲುಕುತ್ತಿತ್ತು. ಬೆಳಗ್ಗೆ ತೆಳ್ಳಗೆ, ಹುಳಿ ವಾಸನೆಯ ಭೇದಿ. ಅನ್ನದಿಂದ ಹೊಟ್ಟೆಯಲ್ಲಿ ಆಮ್ಲ ಉಕ್ಕಿ ಬಂದು ಒಳ್ಳೆಯ ಜೀವಿಗಳೆಲ್ಲ ಸತ್ತಿದ್ದವು. ಡಾಕ್ಟರು ಬಂದು ಸೋಡಾ ನೀರು ಕುಡಿಸಿ, ಗ್ಲೂಕೋಸ್ ಏರಿಸಿದರು. ಕುರಿ ಬದುಕಿತು. ಮೂರನೇ ದಿನ ಇನ್ನೊಂದು ಕುರಿ ಮೆಲುಕು ಹಾಕುತ್ತಿದ್ದಾಗ ಬಾಯಿಂದ ಒಂದಿಷ್ಟು ತೆಗೆದು ಇದಕ್ಕೆ ಕೊಟ್ಟೆವು. ಕೇಳಿದರೆ ಅಸಹ್ಯ ಅನಿಸಬಹುದು. ಆದರೆ ಸತ್ತ ಪೀಪಾಯಿಗೆ ಹೊಸ ಹೆಪ್ಪು ಹಾಕುವುದು ಅಂದರೆ ಅದೇ. ಹಳಬರಿಗೆ ಇದು ಗೊತ್ತಿತ್ತು.

ದಿನದ ಮೇವಿನ ಲೆಕ್ಕ ಸುಲಭ. ನೀರಿನಂಶ ಕಳೆದು ನೋಡಿದರೆ ತೂಕದ ನೂರಕ್ಕೆ ಮೂರರಿಂದ ನಾಲ್ಕು ಪಾಲು. 25 ಕೆಜಿ ಕುರಿಗೆ ಮೂರು ಕೆಜಿ ಹಸಿ ಮೇವು, ಅರ್ಧ ಕೆಜಿಯಷ್ಟು ಒಣ ಹುಲ್ಲು ಅಥವಾ ಹುರುಳಿ ಹೊಟ್ಟು. ಗಬ್ಬದ ಕೊನೆಯ ತಿಂಗಳೂವರೆ ಮತ್ತು ಹಾಲು ಕೊಡುವಾಗ ಮಾತ್ರ ಬೂಸಾ, ಹಿಂಡಿ ಸೇರಿಸಿ 200 ಗ್ರಾಂ. ಅದನ್ನೂ ದಿನಕ್ಕೆ ಒಂದು ಹಿಡಿ ಏರಿಸುತ್ತಾ ಹೋಗಬೇಕು. ಹೊಸ ಮೇವು ಏನೇ ಆದರೂ ಹತ್ತು ದಿನದಲ್ಲಿ ನಿಧಾನವಾಗಿ ಬದಲಾಯಿಸಿ. ಪೀಪಾಯಿಯ ಜೀವಿಗಳಿಗೆ ಹೊಸ ಊಟ ಒಗ್ಗಲು ಅಷ್ಟು ದಿನ ಬೇಕು. ನೀರಿನ ಅನುಕೂಲ ಇದ್ದರೆ ಹತ್ತು ಗುಂಟೆ ಮೇವಿನ ಹುಲ್ಲು, ಬದುವಿನ ಮೇಲೆ ಅಗಸೆ, ಹಲಸು, ಬೇವು. ಹತ್ತು ಕುರಿಗೆ ಸಾಕು.

ಮಂಡ್ಯ ಸೀಮೆಯಲ್ಲಿ ರೇಷ್ಮೆ ಸಾಕುವವರಿಗೆ ಇನ್ನೊಂದು ಅನುಕೂಲ ಉಂಟು. ಹಿಪ್ಪುನೇರಳೆ ಸೊಪ್ಪು ಕುರಿಗೆ ಬಹಳ ಒಳ್ಳೆಯದು, ಹಿಂಡಿಯ ಖರ್ಚು ಉಳಿಸುತ್ತದೆ. ತೋಟದಿಂದ ನೇರ ತಂದ ಸೊಪ್ಪಾದರೆ, ಅದಕ್ಕೆ ಯಾವ ಔಷಧಿಯೂ ಹೊಡೆದಿಲ್ಲದಿದ್ದರೆ. ಹುಳು ತಿಂದುಳಿದ ಹಾಸಿಗೆ ಕಸ ಮಾತ್ರ ಬೇಡ. ಅದರಲ್ಲಿ ಸುಣ್ಣ, ಔಷಧಿ ಪುಡಿ ಎಲ್ಲ ಸೇರಿರುತ್ತದೆ. ಕಣಗಿಲೆ, ಲಂಟಾನ, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು, ಇವುಗಳ ಹತ್ತಿರ ಬಿಡಲೇಬೇಡಿ.

ಇಬ್ಬನಿ ಆರ್ಲಿ ತಡಿ

ನಾನು ಹೊಸದಾಗಿ ಕುರಿ ತಂದಾಗ ಬೆಳಗ್ಗೆ ಆರಕ್ಕೇ ಹೊಡೆದುಕೊಂಡು ಹೊರಡುತ್ತಿದ್ದೆ. ಬೇಗ ಮೇದರೆ ಒಳ್ಳೆಯದು ಅಂದುಕೊಂಡಿದ್ದೆ. ಪಕ್ಕದ ಹೊಲದ ಅಜ್ಜ ಒಬ್ಬರು ಕೂಗಿದರು: “ತಡಿ ಕಣಪ್ಪ, ಇಬ್ಬನಿ ಆರ್ಲಿ. ಹುಲ್ಲು ಎಲ್ಲಿಗೋಯ್ತದೆ?” ಸುಮ್ನೆ ಹಳೇ ಕಾಲದ ಮಾತು ಅಂತ ನಕ್ಕಿದ್ದೆ. ಆಮೇಲೆ ಜಂತುಹುಳುವಿನ ಬದುಕು ಓದಿದಾಗ ಗೊತ್ತಾಯಿತು, ಅಜ್ಜ ಒಂದು ಅಧ್ಯಾಯವನ್ನೇ ಒಂದು ಸಾಲಿನಲ್ಲಿ ಹೇಳಿದ್ದರು.

ಕುರಿಗೆ ಅತಿ ದೊಡ್ಡ ಶತ್ರು ಹೆಮಾಂಕಸ್ ಅನ್ನುವ ರಕ್ತ ಹೀರುವ ಹುಳ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಇರುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ ಐದು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಶಾಖವೂ ತೇವವೂ ಹದವಾಗಿದ್ದರೆ ಒಂದು ವಾರದಲ್ಲಿ ಮರಿಹುಳು ತಯಾರು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಹುಲ್ಲು ಹತ್ತಲು ಒಂದು ತೆಳು ನೀರಿನ ಪೊರೆ ಬೇಕು. ಇಬ್ಬನಿಯೇ ಆ ಪೊರೆ. ಅದನ್ನು ಹಿಡಿದುಕೊಂಡು ಮರಿಹುಳು ಎಳೆ ಹುಲ್ಲಿನ ಮೇಲೆ ಎರಡು ಮೂರು ಇಂಚು ಏರಿ, ಕುರಿ ಬಾಯಿ ಬರುವುದನ್ನೇ ಕಾಯುತ್ತದೆ. ಬಿಸಿಲು ಏರಿದ ಮೇಲೆ ಮತ್ತೆ ಬುಡಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಮಾತು: ಇಬ್ಬನಿ ಆರಿದ ಮೇಲೆ ಬಿಡಿ, ಹುಲ್ಲು ಬುಡಮಟ್ಟ ಆಗುವ ತನಕ ಒಂದೇ ಕಡೆ ಮೇಯಿಸಬೇಡಿ.

ಇಲ್ಲೂ ಲೋಟದ ಲೆಕ್ಕ ಬರುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. 500 ಹುಳ ಇದ್ದರೆ 25 ಮಿಲಿ. 25 ಕೆಜಿ ಕುರಿಯ ಮೈಯಲ್ಲಿ ಇರುವುದೇ ಒಂದೂವರೆ ಲೀಟರ್ ಚಿಲ್ಲರೆ ರಕ್ತ. 60 ಕೆಜಿ ಕುರಿಗೆ ಇದೇ 500 ಹುಳ ಇದ್ದರೂ ಅಷ್ಟು ಬೇಗ ಲೆಕ್ಕಕ್ಕೆ ಬರುವುದಿಲ್ಲ.

ಹುಳ ಇದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಇಲ್ಲದೆಯೂ ಒಂದು ದಾರಿ ಇದೆ. ಕುರಿಯ ಕೆಳರೆಪ್ಪೆ ಮೆಲ್ಲಗೆ ಕೆಳಗೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗೆ, ದಾಳಿಂಬೆ ಕಾಳಿನ ಹಾಗಿದ್ದರೆ ಸರಿ. ತಿಳಿ ಗುಲಾಬಿಗೆ ತಿರುಗಿದ್ದರೆ ಎಚ್ಚರ. ಕಾಗದದ ಹಾಗೆ ಬೆಳ್ಳಗಿದ್ದರೆ ಅವತ್ತೇ ಔಷಧಿ. ಇದನ್ನೇ ಐದು ಬಣ್ಣಗಳ ಕಾರ್ಡಾಗಿ ಮಾಡಿದವರು ದಕ್ಷಿಣ ಆಫ್ರಿಕಾದವರು. ಫಾಫಾ ಮಲಾನ್ ಅನ್ನುವ ಪಶುವೈದ್ಯರ ಹೆಸರಿನ ಅಕ್ಷರ ಸೇರಿಸಿ ‘ಫಮಾಚಾ’ ಅಂತ ಕರೆದರು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ಏಳು ಕುರಿಗೆ ಹತ್ತು ನಿಮಿಷದ ಕೆಲಸ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಕಣ್ಣು ಮುಚ್ಚಿ ಔಷಧಿ ಕುಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ಔಷಧಿಗೆ ಬಗ್ಗದ ಹುಳ ಮಾತ್ರ ಉಳಿದು, ಅದರ ಸಂತಾನವೇ ಹೊಲ ತುಂಬುತ್ತದೆ. ರೆಪ್ಪೆಯ ಒಳಗೆ ಬೆಳ್ಳಗಿರುವ ಕುರಿಗೆ ಮಾತ್ರ ಕೊಟ್ಟರೆ ಆ ಕಾಟ ನಿಧಾನವಾಗುತ್ತದೆ. ಕೊಡುವಾಗ ತೂಕ ಹಾಕಿ ಕೊಡಿ. ಗೋಣಿಚೀಲದ ತೊಟ್ಟಿಲು, ಒಂದು ಸ್ಪ್ರಿಂಗ್ ತಕ್ಕಡಿ ಇದ್ದರಾಯಿತು. ಬಂಡೂರು ಕುರಿ ದುಂಡಗೆ ಕಾಣುವುದರಿಂದ ಕಣ್ಣಂದಾಜು ಸದಾ ತಪ್ಪುತ್ತದೆ. ಗಬ್ಬದ ಮೊದಲ ತಿಂಗಳು ಆಲ್ಬೆಂಡಜೋಲ್ ಅನ್ನುವ ಹುಳದ ಔಷಧಿ ಕೊಡಬಾರದು, ಮರಿ ಊನವಾಗಬಹುದು.

ನಾಲೆ ಬಯಲಿನವರಿಗೆ ಇನ್ನೊಂದು ಕಾಟ, ಈಲಿಯ (ಪಿತ್ತಜನಕಾಂಗದ) ಹುಳ. ಗದ್ದೆ, ಕಾಲುವೆ ಅಂಚಿನ ಬಸವನಹುಳುವಿನೊಳಗೆ ಬೆಳೆದು ಹುಲ್ಲಿನ ಮೇಲೆ ಬಂದು ಕೂರುತ್ತದೆ. ಕುರಿಯ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಕಂಡರೆ ಹೆಚ್ಚಾಗಿ ಒಂದೋ ಇದು, ಇಲ್ಲ ರಕ್ತ ಹೀರುವ ಹುಳ. ಒಂದಕ್ಕೆ ಆಗುವ ಔಷಧಿ ಇನ್ನೊಂದಕ್ಕೆ ಆಗದಿರಬಹುದು. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ತೋರಿಸಿ.

ಮೈಲುತುತ್ತದ ವಿಷಯ

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಇದನ್ನು ಬೇರೆಯಾಗಿ ಹೇಳಲು ಕಾರಣ ಇದೆ. ಹಸು ಸಾಕಿ ಅನುಭವ ಇರುವವರೇ ಇಲ್ಲಿ ಎಡವುತ್ತಾರೆ.

ಕುರಿಗೆ ತಾಮ್ರ ಬೇಕು, ಆದರೆ ಚೂರೇ ಚೂರು. ಹೆಚ್ಚಾದ ತಾಮ್ರವನ್ನು ಹೊರಗೆ ಹಾಕುವುದು ಅದಕ್ಕೆ ಸರಿಯಾಗಿ ಬರುವುದಿಲ್ಲ. ಈಲಿಯಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಕುರಿ ಚೆನ್ನಾಗಿಯೇ ಇರುತ್ತದೆ. ಒಂದು ದಿನ ನಾಯಿ ಅಟ್ಟಿಸಿಕೊಂಡು ಬಂದಾಗಲೋ, ಟೆಂಪೋದಲ್ಲಿ ಸಾಗಿಸಿದಾಗಲೋ ಆ ಗಾಬರಿಗೆ ಈಲಿ ಎಲ್ಲವನ್ನೂ ರಕ್ತಕ್ಕೆ ಬಿಟ್ಟುಬಿಡುತ್ತದೆ. ರಕ್ತಕಣಗಳು ಒಡೆಯುತ್ತವೆ. ಕಣ್ಣು ಹಳದಿ, ಮೂತ್ರ ಕಪ್ಪುಗೆಂಪು. ಒಂದೆರಡು ದಿನದಲ್ಲಿ ಕಥೆ ಮುಗಿಯುತ್ತದೆ. ಹಾವು ಕಚ್ಚಿತು, ಮಾಟ ಮಾಡಿಸಿದರು ಅಂತ ಮಾತು ಬರುತ್ತದೆ.

ತಾಮ್ರ ಎಲ್ಲಿಂದ ಬರುತ್ತದೆ? ಹಸುವಿಗೆ ತಂದ ಖನಿಜ ಮಿಶ್ರಣವನ್ನೇ ಕುರಿಗೂ ಹಾಕಿದಾಗ. ಹಸುವಿನ ಪಶು ಆಹಾರ ದಿನವೂ ಕೊಟ್ಟಾಗ. ಗೊರಸು ಕೊಳೆತಕ್ಕೆ ಮೈಲುತುತ್ತದ ನೀರಿನಲ್ಲಿ ನಿಲ್ಲಿಸಿ, ಅದೇ ನೀರನ್ನು ಕುರಿ ಕುಡಿದಾಗ. ಹಿಂದೆ ಹುಳಕ್ಕೂ ಮೈಲುತುತ್ತವನ್ನೇ ಕುಡಿಸುತ್ತಿದ್ದರು. ಗೊರಸಿಗೆ ಸತುವಿನ ಸಲ್ಫೇಟ್ ಬಳಸಿ, ಅಷ್ಟೇ ಗುಣ, ಅಪಾಯ ಕಡಿಮೆ. ಅಡಿಕೆ ತೋಟದವರು ಇನ್ನೂ ಹುಷಾರಾಗಿರಬೇಕು. ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಗೊನೆಗೆ ಹೊಡೆದದ್ದು ಕೆಳಗಿನ ಹುಲ್ಲಿಗೂ ಬೀಳುತ್ತದೆ. ಆ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದನ್ನು ಸಿಂಪಡಿಸಿದ ತೋಟದಲ್ಲಿ ಕುರಿ ಮೇಯಿಸುವವರಿಗೆಲ್ಲ ಇದೇ ತಲೆನೋವು. ಸಿಂಪಡಣೆಯಾದ ತೋಟಕ್ಕೆ ಒಂದೆರಡು ಒಳ್ಳೆ ಮಳೆ ಬಿದ್ದು ಹೊಸ ಹುಲ್ಲು ಬರುವ ತನಕ ಕುರಿ ಬಿಡದಿರುವುದು ಕ್ಷೇಮ.

147 ದಿನ

ಬೆದೆ 17 ದಿನಕ್ಕೊಮ್ಮೆ ಬರುತ್ತದೆ, ಒಂದು ಒಂದೂವರೆ ದಿನ ಇರುತ್ತದೆ. ಟಗರು ಹಾರಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ 147ರಿಂದ 150 ದಿನಕ್ಕೆ ಮರಿ. ಬಂಡೂರು ಹೆಣ್ಣಿಗೆ ಬಂಡೂರು ಟಗರೇ ಇರಲಿ. ಮರಿ ದೊಡ್ಡದಾಗಲಿ ಅಂತ ಎತ್ತರದ ಕೆಂಗುರಿ ಟಗರನ್ನೋ ಬಳ್ಳಾರಿ ಟಗರನ್ನೋ ಬಿಡುವ ಆಸೆ ಬರುತ್ತದೆ. ತಾಯಿಯ ಸೊಂಟ ಚಿಕ್ಕದು, ಮರಿಯ ತಲೆ ದೊಡ್ಡದಾದರೆ ಈಯುವಾಗ ಇಬ್ಬರಿಗೂ ಕಷ್ಟ.

ಬಂಡೂರು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದಲ್ಲಿ ಗರೋಲ್ ಅನ್ನುವ ಇನ್ನೂ ಕುಳ್ಳ ಕುರಿ ಇದೆ, ಅದು ಅವಳಿ ತ್ರಿವಳಿ ಹಾಕುತ್ತದೆ. ಅದಕ್ಕೆ ಕಾರಣವಾದ ಜೀನನ್ನು ಮಹಾರಾಷ್ಟ್ರದ ಫಲ್ಟಣ್‌ನ ನಾರಿ ಸಂಸ್ಥೆಯವರು ದಖ್ಖನಿ ಕುರಿಗೆ ತಂದು ‘ನಾರಿ ಸುವರ್ಣ’ ಮಾಡಿದ್ದಾರೆ. ಯೂಟ್ಯೂಬಿನಲ್ಲಿ ಅದರ ವಿಡಿಯೋ ನೋಡಿ ಮರುಳಾಗುವವರು ಬಹಳ. ಎರಡು ಮರಿ ಬಂದರೆ ಎರಡು ಮರಿಗಾಗುವಷ್ಟು ಹಾಲು ಬರಬೇಕು, ಹಾಲಿಗೆ ತಕ್ಕ ಮೇವು ಬೇಕು. ಮೊದಲ ಸಲ ಸಾಕುವವರಿಗೆ ಒಂದೇ ಮರಿ ಸಾಕು.

ಮಾಗಿ ಚಳಿಯ ಒಂದು ರಾತ್ರಿ ನಮ್ಮಲ್ಲಿ ಒಂದು ಈದಿತು. ಎರಡು ಕೆಜಿ ಮರಿ. ತಾಯಿ ಮೊದಲ ಸಲದ್ದು, ನೆಕ್ಕದೆ ಪಕ್ಕಕ್ಕೆ ಹೋಗಿ ನಿಂತಿತು. ನಾವು ಬರುವ ಹೊತ್ತಿಗೆ ಮರಿ ಒದ್ದೆಯಾಗಿ ಬಿದ್ದಿತ್ತು. ಮನೆಯವರು ಹಾಲಿನ ಬಾಟಲಿ ತಂದರು. ನಾನು ಮರಿಯ ಬಾಯೊಳಗೆ ಬೆರಳು ಇಟ್ಟೆ. ಬಾವಿ ನೀರಿನಷ್ಟು ತಣ್ಣಗಿತ್ತು. ಬಾಯಿ ತಣ್ಣಗಿದ್ದರೆ ಹಾಲು ಕೊಡಬಾರದು. ಅಂಥ ಮರಿಗೆ ನುಂಗಲು ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹಳೆ ಪಂಚೆಯಲ್ಲಿ ಒರೆಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎರಡು ಪಕ್ಕೆಗೂ ಇಟ್ಟು, ಕಂಬಳಿಯಲ್ಲಿ ಸುತ್ತಿದೆವು. ಮುಕ್ಕಾಲು ಗಂಟೆ ಆದ ಮೇಲೆ ಬೆರಳು ಇಟ್ಟರೆ ಬೆಚ್ಚಗಿತ್ತು, ಮರಿ ಚೀಪಿತು. ಆಮೇಲೆ ತಾಯಿಯನ್ನು ಹಿಡಿದು ನಿಲ್ಲಿಸಿ ಕೆಚ್ಚಲಿಗೆ ಬಾಯಿ ಹಚ್ಚಿದೆವು.

ಗಿಣ್ಣು ಹಾಲು ಕುಡಿಯದ ಮರಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಅದು ಸಿಗುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದೇ ದಿನದಲ್ಲಿ ಮುಚ್ಚುತ್ತದೆ. ಎರಡು ಕೆಜಿ ಮರಿಗೆ ಮೊದಲ ಎರಡು ಗಂಟೆಯಲ್ಲಿ 100 ಮಿಲಿ, ದಿನ ಮುಗಿಯುವುದರೊಳಗೆ ಸುಮಾರು 400 ಮಿಲಿ. ಗಿಣ್ಣನ್ನು ಮನುಷ್ಯರಿಗೆ ಅಂತ ತೆಗೆದಿಡುವುದು ಹಸುವಿನಲ್ಲಿ ನಡೆಯಬಹುದು, ಇಲ್ಲಿ ಬೇಡ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ.

ಲಸಿಕೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ತಪ್ಪಿಸಬಾರದು ಅಷ್ಟೇ. ಪಿಪಿಆರ್ ಅನ್ನುವ ಕುರಿ-ಮೇಕೆ ಪ್ಲೇಗಿನ ಲಸಿಕೆ ಮೂರು ನಾಲ್ಕು ತಿಂಗಳ ಮರಿಗೆ ಒಮ್ಮೆ ಹಾಕಿಸಿದರೆ ಮೂರು ವರ್ಷ ನಿಶ್ಚಿಂತೆ. ಕರುಳುಬೇನೆಗೆ ಪ್ರತಿ ವರ್ಷ, ಮುಂಗಾರಿನ ಎಳೆ ಹುಲ್ಲು ಬರುವ ಮೊದಲು. ಕಾಲುಬಾಯಿ ಜ್ವರ, ನೀಲಿನಾಲಿಗೆಗೆ ಯಾವಾಗ ಅಂತ ಆಸ್ಪತ್ರೆಯಲ್ಲಿ ಕೇಳಿ. ಡಾಕ್ಟರು ದೂರ ಇದ್ದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ.

ಕೊಟ್ಟಿಗೆಗೆ ತುಂಬಾ ದುಡ್ಡು ಸುರಿಯಬೇಡಿ. ತಲೆಗೆ ಹತ್ತು ಚದರಡಿ, ಒಣ ನೆಲ, ಗಾಳಿ. ನೆಲ ಒದ್ದೆಯಾದರೆ ಗೊರಸು ಕೊಳೆಯುತ್ತದೆ, ಮೂತ್ರದ ಘಾಟಿಗೆ ಮರಿಗಳಿಗೆ ಕೆಮ್ಮು ಬರುತ್ತದೆ. ದುಡ್ಡು ಹಾಕಬೇಕಾದದ್ದು ಬೇಲಿಗೆ. ಬೀದಿನಾಯಿಗಳಿಗೆ ಕುಳ್ಳ ಕುರಿ ಬಹಳ ಸುಲಭದ ತುತ್ತು. ಕಚ್ಚದಿದ್ದರೂ ಅಟ್ಟಿಸಿದ ಗಾಬರಿಗೇ ಗಬ್ಬ ಜಾರುತ್ತದೆ. ಚಿರತೆ ಓಡಾಡುವ ಕಡೆ ಮೇಲೆಯೂ ಜಾಲರಿ ಬೇಕು. ಒಂಟಿ ಕುರಿ ಸಾಕಬೇಡಿ. ನಮ್ಮ ಕಡೆ ಬಕ್ರೀದಿಗೆ ಅಂತ ಒಂದೇ ಟಗರು ಕಟ್ಟಿ ಸಾಕುತ್ತಾರೆ ನಿಜ. ಅದು ಮನೆಯವರನ್ನೇ ಮಂದೆ ಅಂದುಕೊಂಡು ಅಜ್ಜಿ ಹಿಂದೆ ಅಂಗಡಿಗೂ ಹೋಗುತ್ತದೆ. ಮಾರುವ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ.

ಕೊನೆಯದು ಟಗರಿನ ವಿಷಯ. ಐದಾರು ಹೆಣ್ಣಿಗೆ ಸ್ವಂತ ಟಗರು ಬೇಕೇ ಬೇಕು ಅಂತಿಲ್ಲ, ಒಂದು ಟಗರು 25 ಹೆಣ್ಣಿಗೆ ಸಾಕಾಗುತ್ತದೆ. ಇಟ್ಟುಕೊಂಡರೂ ಲೆಕ್ಕ ಹೀಗಿದೆ: ಟಗರು ಬಂದ ಐದು ತಿಂಗಳಿಗೆ ಮರಿ, ಆ ಹೆಣ್ಣುಮರಿ ಒಂದು ವರ್ಷಕ್ಕೆ ಬೆದೆಗೆ ಬರುತ್ತದೆ. ಅಂದರೆ ಒಂದೂವರೆ ವರ್ಷದೊಳಗೆ ಟಗರು ಬದಲಾಗದಿದ್ದರೆ ಅದು ತನ್ನ ಮಗಳನ್ನೇ ಹಾರುತ್ತದೆ. ಎರಡು ಮೂರು ತಲೆಮಾರು ಹಾಗೆ ನಡೆದರೆ ಸಣಕಲು ಮರಿಗಳು ಹುಟ್ಟುತ್ತವೆ, ಗಬ್ಬ ನಿಲ್ಲುವುದೂ ಕಡಿಮೆಯಾಗುತ್ತದೆ. ನಾವು ಮೂರು ಮನೆಯವರು ಸೇರಿ ಟಗರುಗಳನ್ನು ಸರದಿ ಮೇಲೆ ಬದಲಾಯಿಸಿಕೊಳ್ಳುತ್ತೇವೆ. ನಮ್ಮದು ದೀಪಾವಳಿ ಕಳೆದ ಮೇಲೆ ಪಕ್ಕದ ಊರಿಗೆ ಹೋಗುತ್ತದೆ. ಅಲ್ಲಿಂದ ಬರಬೇಕಾದ್ದನ್ನು ಹೋದ ವಾರ ನೋಡಿಕೊಂಡು ಬಂದೆವು. ನಾಲ್ಕು ಹಲ್ಲಿನದು, ತೊಡೆ ಪರವಾಗಿಲ್ಲ. ಬಲಗಾಲ ಗೊರಸು ಸ್ವಲ್ಪ ಬೆಳೆದಿತ್ತು. ಕತ್ತರಿಸಿ ಕಳಿಸಿ ಅಂತ ಹೇಳಿ ಬಂದಿದ್ದೇವೆ.